ಆಡಿನ ಪುಪ್ಪುಸರೋಗವೂ ಅದರ ಅಣುಜೀವಿಯ ಶೋಧವೂ

ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮುಳ್ಳುಕಂಟಿಯಾಗಲಿ, ಬೇಲಿಯ ಮೇಲಣ ಬಳ್ಳಿಯಾಗಲಿ, ಹಸು ಎಮ್ಮೆಗಳು ಮೂಸಿ ಬಿಟ್ಟ ಒಣಸೊಪ್ಪಾಗಲಿ, ಆಡಿಗೆ ಎಲ್ಲವೂ ಆಹಾರವೇ. ಈ ಗುಣದಿಂದಲೇ ಅದು ಹೊಲವಿಲ್ಲದವರ, ಹುಲ್ಲುಬಣವೆಯಿಲ್ಲದವರ ಪ್ರಾಣಿಯಾಗಿ, ಬಡವರ ಹಸುವೆಂಬ ಹೆಸರನ್ನು ಪಡೆದಿದೆ. 2019ನೆಯ ಇಸವಿಯ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿ ಸುಮಾರು 14 ಕೋಟಿ 88 ಲಕ್ಷ ಆಡುಗಳಿದ್ದವು. ಪುಣೆಯಂತಹ ನಗರದಲ್ಲಿ ಬೆಳೆಯುತ್ತಿರುವ ನಮ್ಮ ವಿದ್ಯಾರ್ಥಿಗಳಿಗೆ ಆಡು ಕಾಣಸಿಗುವುದು ಹೆಚ್ಚಾಗಿ ಬಕ್ರೀದಿಗೆ ಮುಂಚಿನ ವಾರಗಳಲ್ಲಿ, ಲಾರಿಗಳಿಂದಿಳಿದು ಗಲ್ಲಿಗಳಲ್ಲಿ ಕಟ್ಟಿ ಹಾಕಿಸಿಕೊಂಡಿರುವಾಗ. ಆದರೆ ನಿಮ್ಮ ಅಜ್ಜಿಯರ ಊರಿಗೆ ಹೋಗಿ ಕೇಳಿರಿ. ಮಗುವಿಗೆ ಔಷಧಿ ತರಬೇಕಾದಾಗ, ಮಗಳ ಮದುವೆಗೆ ಸೀರೆ ಕೊಳ್ಳಬೇಕಾದಾಗ, ಮಳೆ ಬಾರದ ವರ್ಷ ಅಕ್ಕಿ ಜೋಳ ತರಬೇಕಾದಾಗ, ಅಂತಹ ಮನೆಯವರು ಸಂತೆಗೆ ಹೊಡೆದುಕೊಂಡು ಹೋಗುವುದು ಒಂದು ಹೋತವನ್ನೋ ಎರಡು ಮರಿಗಳನ್ನೋ. ಅವರ ಪಾಲಿಗೆ ಹಿಂಡೇ ಬ್ಯಾಂಕು. ಆ ಬ್ಯಾಂಕು ಒಂದು ತಿಂಗಳೊಳಗಾಗಿ ಮುಳುಗಿಹೋಗುವಂತೆ ಮಾಡಬಲ್ಲ ರೋಗವೊಂದುಂಟು. ಅದನ್ನು ಕುರಿತು ಈ ಪಾಠದಲ್ಲಿ ತಿಳಿದುಕೊಳ್ಳೋಣ.

(ಮೈಸೂರು ಸೀಮೆಯಿಂದ ಬಂದ ಮನೆತನದವರು ಇದನ್ನು ಮೇಕೆ ಎನ್ನುವರು; ಧಾರವಾಡ, ಬಿಜಾಪುರಗಳ ಕಡೆಯವರು ಆಡು ಎನ್ನುವರು. ನಮ್ಮ ಶಾಲೆಯಲ್ಲಿ ಎರಡು ಕಡೆಯ ಮಕ್ಕಳೂ ಇರುವುದರಿಂದ ಜಗಳ ಬೇಡವೆಂದು, ಗಾದೆಯಲ್ಲಿರುವ ಪದವನ್ನೇ ನಾವು ಬಳಸಿದ್ದೇವೆ.)

ಪುಪ್ಪುಸವೆಂದರೆ ಶ್ವಾಸಕೋಶ. ಎದೆಗೂಡಿನ ಒಳಮೈಯನ್ನೂ ಶ್ವಾಸಕೋಶದ ಹೊರಮೈಯನ್ನೂ ಒಂದು ತೆಳ್ಳನೆಯ ನುಣುಪಾದ ಪೊರೆ ಹೊದಿಸಿಕೊಂಡಿರುತ್ತದೆ. ಇದು ಪುಪ್ಪುಸಾವರಣ. ನಾವು ಉಸಿರಾಡಿದಾಗಲೆಲ್ಲ ಇವೆರಡು ಮೈಗಳು ನೋವಿಲ್ಲದೆ ಒಂದರ ಮೇಲೊಂದು ಜಾರುವುದು ಈ ಪೊರೆಯ ಉಪಕಾರ. ನಾವು ಹೇಳಹೊರಟಿರುವ ರೋಗದಲ್ಲಿ ಶ್ವಾಸಕೋಶವೂ ಈ ಆವರಣವೂ ಒಟ್ಟಿಗೆ ಉರಿಯೂತಕ್ಕೆ ಒಳಗಾಗುತ್ತವೆ. ಆಡಿನ ಸಾಂಕ್ರಾಮಿಕ ಪುಪ್ಪುಸರೋಗವೆಂದು ಇದನ್ನು ಕರೆಯಬಹುದು; ಪಶುವೈದ್ಯರು ಸಂಕ್ಷೇಪವಾಗಿ ಸಿ.ಸಿ.ಪಿ.ಪಿ. ಎನ್ನುತ್ತಾರೆ. ಆಫ್ರಿಕದ ಉತ್ತರ ಮತ್ತು ಪೂರ್ವಭಾಗಗಳು, ಅರೇಬಿಯ, ತುರ್ಕಿ, ಪಾಕಿಸ್ತಾನ, ತಾಜಿಕಿಸ್ತಾನ, ಚೀನ, ಇಷ್ಟು ದೂರ ಇದರ ಹರವು ಗೊತ್ತಾಗಿದೆ.

ರೋಗವು ಹೊಸದಾಗಿ ಹೊಕ್ಕ ಹಿಂಡಿನಲ್ಲಿ ಮೊದಲು ಕಾಣುವುದು ಬಹಳ ಸಣ್ಣ ಗುರುತು. ಮೇಯಲು ಹೊರಟಾಗ ಒಂದೆರಡು ಆಡುಗಳು ಹಿಂದೆ ಬೀಳುತ್ತವೆ. ಸೊಪ್ಪಿಗೆ ಬಾಯಿ ಹಾಕದ ಆಡೆಂದರೆ ಕಾಯುವವನಿಗೆ ಅಷ್ಟರಿಂದಲೇ ಸಂಶಯ ಹುಟ್ಟಬೇಕು. ಆಡಿನ ಮೈಯ ಸಹಜ ಉಷ್ಣತೆ 39 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿರುತ್ತದೆ. ಈ ರೋಗದಲ್ಲಿ ಅದು 41ಕ್ಕೇರಿ, ಕೆಲವೊಮ್ಮೆ 43ನ್ನೂ ಮುಟ್ಟುತ್ತದೆ. ಎರಡು ಮೂರು ದಿನಗಳಲ್ಲಿ ಕೆಮ್ಮು ತೊಡಗುತ್ತದೆ. ಉಸಿರು ಬೇಗಬೇಗನೆ ಬಂದು, ಪ್ರತಿಯೊಂದು ಉಸಿರಿಗೂ ನರಳುವ ಸದ್ದು ಕೇಳಿಸುತ್ತದೆ. ಕಡೆಕಡೆಗೆ ಪ್ರಾಣಿಯು ನಡೆಯಲಾರದೆ ಮುಂಗಾಲುಗಳನ್ನು ಅಗಲಿಸಿ ಊರಿ, ಕುತ್ತಿಗೆಯನ್ನು ಮುಂದಕ್ಕೆ ನೀಡಿ ನಿಂತುಬಿಡುತ್ತದೆ. ಬಾಯಿಂದ ಲೋಳೆಯಂತಹ ಜೊಲ್ಲು ಎಳೆಯೆಳೆಯಾಗಿ ಇಳಿಯುತ್ತದೆ. ಹಾಗೆ ನಿಲ್ಲುವುದರ ಅರ್ಥವನ್ನು ಶರೀರಶಾಸ್ತ್ರ ಓದಿದ ಮೇಲಿನ ತರಗತಿಯವರು ಊಹಿಸಬಲ್ಲರು: ಎದೆಗೂಡನ್ನು ಆದಷ್ಟು ಹಿಗ್ಗಿಸಿ, ಗಾಳಿಯ ದಾರಿಯನ್ನು ನೆಟ್ಟಗೆ ಮಾಡಿಕೊಳ್ಳುವ ಪ್ರಯತ್ನವದು. ರೋಗವನ್ನು ಎಂದೂ ಕಾಣದ ಹಿಂಡಿನಲ್ಲಿ ಹೆಚ್ಚುಕಡಿಮೆ ಎಲ್ಲ ಆಡುಗಳಿಗೂ ಇದು ತಗಲುತ್ತದೆ. ನೂರಕ್ಕೆ 60ರಿಂದ 80 ಸಾಯುತ್ತವೆ. ಮರಿಯೆನ್ನದೆ, ಮುದಿಯೆನ್ನದೆ, ಗಂಡು ಹೆಣ್ಣೆನ್ನದೆ ಸಾಯುತ್ತವೆ.

ಸತ್ತ ಆಡಿನ ಎದೆಯನ್ನು ಪಶುವೈದ್ಯನು ತೆರೆದು ನೋಡಿದಾಗ ಕಾಣುವುದು ಇನ್ನೂ ವಿಚಿತ್ರ. ಬಹಳ ಮಟ್ಟಿಗೆ ಒಂದು ಪಕ್ಕದ ಶ್ವಾಸಕೋಶ ಮಾತ್ರ ಹಾಳಾಗಿರುತ್ತದೆ. ಇನ್ನೊಂದು ನೋಡಲು ಸಾಧಾರಣವಾಗಿಯೇ ಇರುತ್ತದೆ. ಹಾಳಾದುದು ಸ್ಪಂಜಿನಂತೆ ಮೃದುವಾಗಿರುವುದನ್ನು ಬಿಟ್ಟು ಯಕೃತ್ತಿನಂತೆ ಗಟ್ಟಿಯಾಗಿ, ಕೊಯ್ದರೆ ದ್ರಾಕ್ಷಾರಸದ ಬಣ್ಣವನ್ನು ತೋರಿಸುತ್ತದೆ. ಎದೆಗೂಡಿನಲ್ಲಿ ಹುಲ್ಲಿನ ಬಣ್ಣದ ಹಳದಿ ನೀರು ತುಂಬಿರುತ್ತದೆ. ಅಲ್ಜೀರಿಯ ದೇಶದಲ್ಲಿ ಈ ರೋಗಕ್ಕೆ ಮೊದಲಿನಿಂದಲೂ ಇದ್ದ ಅರಬ್ಬಿ ಹೆಸರು ಬೂ ಫ್ರಿದ. ಒಂದೇ ಶ್ವಾಸಕೋಶಕ್ಕೆ ತಗಲುವುದೆಂಬುದನ್ನು ಸೂಚಿಸುವ ಹೆಸರದು. ಸೂಕ್ಷ್ಮದರ್ಶಕವನ್ನು ಕಾಣದ ಆ ಜನರು ಸತ್ತ ಆಡುಗಳ ಒಡಲನ್ನು ಎಷ್ಟು ಗಮನವಿಟ್ಟು ನೋಡಿದ್ದರೆಂಬುದಕ್ಕೆ ಈ ಒಂದು ಪದವೇ ಸಾಕ್ಷಿ. ಇಂದಿಗೂ ಪುಸ್ತಕಗಳಲ್ಲಿ ಈ ರೋಗವನ್ನು ಗುರುತಿಸಲು ಹೇಳುವ ಮುಖ್ಯ ಲಕ್ಷಣಗಳಲ್ಲಿ ಇದೊಂದು.

ಅದೇ ಅಲ್ಜೀರಿಯದಲ್ಲಿ 1873ರಲ್ಲಿ ತೋಮಾ ಎಂಬ ಫ್ರೆಂಚ್ ವಿದ್ವಾಂಸನು ಈ ರೋಗವನ್ನು ಮೊದಲ ಬಾರಿಗೆ ಬರವಣಿಗೆಯಲ್ಲಿ ವರ್ಣಿಸಿದನು. ಆದರೆ ಅದು ಒಂದರಿಂದ ಒಂದಕ್ಕೆ ಅಂಟುವ ರೋಗವೆಂಬುದು ಆಗ ಸ್ಥಿರಪಟ್ಟಿರಲಿಲ್ಲ. ಚಳಿ, ಮಳೆ, ಹವೆಯ ಏರುಪೇರು, ಇವುಗಳ ಮೇಲೆ ದೋಷವನ್ನು ಹೊರಿಸುತ್ತಿದ್ದರು. ಇದನ್ನು ಕೇಳಿ ನಗಬಾರದು. ಚಳಿಗಾಲದಲ್ಲಿಯೂ ದೂರದ ಪ್ರಯಾಣದ ತರುವಾಯವೂ ರೋಗವು ಹೆಚ್ಚುವುದು ನಿಜವೇ. ಚಳಿಗೆ ಆಡುಗಳು ಒಂದಕ್ಕೊಂದು ಒತ್ತಿಕೊಂಡು ಮಲಗುತ್ತವೆ, ಪ್ರಯಾಣದಲ್ಲಿ ಬಳಲಿ ಅವುಗಳ ಶಕ್ತಿ ಕುಂದಿರುತ್ತದೆ. ಹವೆಯು ರೋಗಕ್ಕೆ ಬಾಗಿಲು ತೆರೆಯುತ್ತದೆ. ಒಳಗೆ ಬರುವವನು ಬೇರೆ.

ಆ ಬೇರೆಯವನುಂಟೆಂದು ತೋರಿಸಿಕೊಟ್ಟ ಘಟನೆ ನಡೆದುದು ಆಫ್ರಿಕದ ದಕ್ಷಿಣ ತುದಿಯಲ್ಲಿ. ಅಂದಿನ ಕೇಪ್ ವಸಾಹತಿನಲ್ಲಿ ಅಂಗೋರ ಜಾತಿಯ ಆಡುಗಳನ್ನು ಸಾಕುವ ಉದ್ಯಮ ಬೆಳೆದಿತ್ತು. ಅಂಗೋರವೆಂದರೆ ತುರ್ಕಿಯ ಇಂದಿನ ರಾಜಧಾನಿಯಾದ ಅಂಕಾರದ ಹಳೆಯ ಹೆಸರು. ಆ ಸೀಮೆಯ ಆಡುಗಳ ರೇಶ್ಮೆಯಂತಹ ಹೊಳಪಿನ ಉಣ್ಣೆಗೆ ಮೊಹೇರ್ ಎಂದು ಹೆಸರು. ಕೇಪಿಗೆ ಈ ಜಾತಿಯು 1838ರಲ್ಲಿ ಮೊದಲು ಬಂದುದರ ಬಗ್ಗೆ ಒಂದು ಸ್ವಾರಸ್ಯದ ಕಥೆ ಹೇಳುವುದುಂಟು: ತಮ್ಮ ಆಡಿನ ಕುಲ ಬೇರೆ ನಾಡಿನಲ್ಲಿ ಬೆಳೆಯಬಾರದೆಂದು ತುರ್ಕಿಯವರು ಹೋತಗಳನ್ನು ಸಂತಾನಹೀನ ಮಾಡಿಯೇ ಕಳುಹಿಸಿದ್ದರಂತೆ, ಜೊತೆಯಲ್ಲಿದ್ದ ಒಂದೇ ಹೆಣ್ಣಾಡು ಗಬ್ಬವಾಗಿದ್ದು, ದಾರಿಯಲ್ಲಿ ಗಂಡು ಮರಿಯನ್ನು ಈದಿತಂತೆ. ಅದಿರಲಿ. ತಳಿಯನ್ನು ಉತ್ತಮಪಡಿಸಲೆಂದು ಮುಂದೆಯೂ ತುರ್ಕಿಯಿಂದ ಅಂಗೋರಗಳನ್ನು ಹಡಗಿನಲ್ಲಿ ತರಿಸುವ ವಾಡಿಕೆಯಿತ್ತು. ಹಾಗೆ ಬಂದ ಒಂದು ತಂಡದೊಡನೆ ಪುಪ್ಪುಸರೋಗವೂ ದಡವನ್ನೇರಿತು.

ಆ ವಸಾಹತಿನ ಸರಕಾರಿ ಪಶುವೈದ್ಯನು ಡಂಕನ್ ಹಚಿಯನ್. ರೋಗವು ಹೊಸ ಆಡುಗಳು ಹೋದ ಕಡೆಗೆಲ್ಲ ಹೋಗಿ, ಅವು ಹೋಗದ ಕಡೆಗೆ ಹೋಗದಿರುವುದನ್ನು ಕಂಡು, ಇದು ಹವೆಯ ಕೆಲಸವಲ್ಲ, ಸ್ಪರ್ಶಸಂಗದ ಕೆಲಸವೆಂದು ಅವನು 1881ರಲ್ಲಿ ಸಿದ್ಧಪಡಿಸಿದನು. ಹಳೆಯ ಹವೆಯೇ, ಹಳೆಯ ಹುಲ್ಲುಗಾವಲೇ ಇರುವಾಗ, ಹೊಸದಾಗಿ ಬಂದುದು ತುರ್ಕಿಯ ಆಡು ಮಾತ್ರವಲ್ಲವೇ? ತರ್ಕವು ಇಷ್ಟು ಸರಳವಾದುದು. ಆದರೆ ಆಮೇಲೆ ಅವನು ಮಾಡಿಸಬೇಕಾಗಿ ಬಂದ ಕಾರ್ಯ ಸರಳವಾಗಿರಲಿಲ್ಲ. ರೋಗ ಹೊಕ್ಕ ಹಿಂಡುಗಳನ್ನು ಕೊಲ್ಲಿಸಿದನು. ರೋಗಿಗಳ ನೆರೆಯಲ್ಲಿದ್ದೂ ಇನ್ನೂ ಕೆಮ್ಮದಿದ್ದ ಆಡುಗಳಿಗೆ ರೋಗಿಯ ಶ್ವಾಸಕೋಶದಿಂದ ತೆಗೆದ ಪದಾರ್ಥವನ್ನೇ ಚುಚ್ಚಿ ಹಾಕುವ ಒಂದು ಬಗೆಯ ಒರಟು ಲಸಿಕೆಯನ್ನು ಮಾಡಿಸಿದನು. ಈ ಎರಡು ಕ್ರಮಗಳಿಂದ ರೋಗವು ಆ ನಾಡಿನಿಂದ ಅಳಿಸಿಹೋಯಿತು. ರೋಗಾಣುವಿನ ಮುಖವನ್ನು ಯಾರೂ ಕಂಡಿರದ ಕಾಲದಲ್ಲಿ ಇದು ಸಾಧ್ಯವಾಯಿತೆಂಬುದನ್ನು ಗಮನಿಸಿರಿ.

ಇನ್ನು ಆ ರೋಗಾಣುವನ್ನು ಹುಡುಕಿದ ಕಥೆ. ಇದು ಹಸುಗಳಿಂದ ಮೊದಲಾಗುತ್ತದೆ. ಏಕೆಂದರೆ ಹಸುಗಳಿಗೂ ಇಂತಹುದೇ ಒಂದು ಪುಪ್ಪುಸರೋಗವುಂಟು. 1898ರಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ನೋಕಾರ್, ರೂ ಮತ್ತು ಅವರ ಸಂಗಡಿಗರು ಈ ಹಸುವಿನ ರೋಗದ ಕಾರಣವನ್ನು ಅರಸುತ್ತಿದ್ದರು. ಸಾಮಾನ್ಯ ಸಾರುಗಳಲ್ಲಿ ಏನೂ ಬೆಳೆಯಲಿಲ್ಲ. ಆಗ ಅವರು ಕೊಲೋಡಿಯನ್ ಎಂಬ ತೆಳುಪೊರೆಯ ಚಿಕ್ಕ ಚೀಲದಲ್ಲಿ ಸಾರನ್ನು ತುಂಬಿ, ರೋಗಿಯ ಎದೆನೀರಿನ ಒಂದಿಷ್ಟನ್ನು ಬೆರೆಸಿ, ಚೀಲವನ್ನು ಮುಚ್ಚಿ, ಮೊಲದ ಹೊಟ್ಟೆಯೊಳಗೆ ಇರಿಸಿ ಹೊಲಿದರು. ಮೊಲದ ಮೈಯ ರಸವು ಪೊರೆಯ ಮೂಲಕ ಒಳಗೆ ಇಳಿಯಬಲ್ಲುದು; ಒಳಗಿನ ಅಣುಜೀವಿ ಹೊರಗೆ ಬರಲಾರದು; ಮೊಲದ ರಕ್ಷಕ ಕಣಗಳು ಒಳಹೊಗಲಾರವು. ಕೆಲವು ದಿನಗಳ ಮೇಲೆ ಚೀಲವನ್ನು ತೆಗೆದು ನೋಡಿದಾಗ ಸಾರು ಮಾಸಲಾಗಿತ್ತು. ಅಂದಿನ ಅತ್ಯುತ್ತಮ ಸೂಕ್ಷ್ಮದರ್ಶಕದಲ್ಲಿಯೂ ಆಕಾರ ತಿಳಿಯದಷ್ಟು ಸಣ್ಣ ಚುಕ್ಕಿಗಳು ಅದರಲ್ಲಿ ಆಡುತ್ತಿದ್ದವು. ಮೈಕೋಪ್ಲಾಸ್ಮ ಎಂದು ಇಂದು ಕರೆಯುವ ಬ್ಯಾಕ್ಟೀರಿಯದ ಕುಲವು ಮನುಷ್ಯನ ಕೈಗೆ ಮೊದಲು ಸಿಕ್ಕಿದುದು ಹೀಗೆ. ಇತರ ಬ್ಯಾಕ್ಟೀರಿಯಗಳನ್ನು ತಡೆಯುವ ಶೋಧಕಗಳಲ್ಲಿ ಕೂಡ ಇವು ನುಸುಳಿಹೋಗುತ್ತವೆ. ಸ್ವತಂತ್ರವಾಗಿ ಬೆಳೆಯಬಲ್ಲ ಜೀವಿಗಳಲ್ಲಿ ಇವುಗಳಿಗಿಂತ ಚಿಕ್ಕವು ವಿರಳ.

ಆಡಿನ ರೋಗಕ್ಕೂ ಇಂತಹ ಜೀವಿಯೇ ಕಾರಣವಿರಬೇಕೆಂದು ಎಲ್ಲರೂ ಊಹಿಸಿದರು. ಊಹೆ ಸರಿಯಾದುದೇ. ಆದರೆ ಅಪರಾಧಿಯೆಂದು ಹಿಡಿದದ್ದು ಬೇರೊಬ್ಬನನ್ನು. ಕಾಯಿಲೆಯ ಆಡುಗಳಿಂದ ಸುಲಭವಾಗಿ, ಸಮೃದ್ಧವಾಗಿ ಬೆಳೆಯುತ್ತಿದ್ದ ಮೈಕೋಪ್ಲಾಸ್ಮ ಒಂದು ಸಿಕ್ಕಿತು. ಅದಕ್ಕೆ ಮೈಕೋಪ್ಲಾಸ್ಮ ಮೈಕಾಯ್ಡಿಸ್ ಕ್ಯಾಪ್ರಿ ಎಂದು ಹೆಸರಾಯಿತು. ಅನೇಕ ವರ್ಷಗಳ ಕಾಲ ಪಠ್ಯಪುಸ್ತಕಗಳಲ್ಲಿ ಪುಪ್ಪುಸರೋಗದ ಮೂಲವೆಂದು ಅದರ ಹೆಸರೇ ಅಚ್ಚಾಗುತ್ತಿತ್ತು.

ಆದರೆ ಲೆಕ್ಕ ಸರಿಹೋಗುತ್ತಿರಲಿಲ್ಲ. ಜರ್ಮನಿಯ ರಾಬರ್ಟ್ ಕಾಕ್ ಎಂಬ ಮಹಾವಿಜ್ಞಾನಿಯು ಹಾಕಿಕೊಟ್ಟ ನಿಯಮಗಳನ್ನು ಒಂಬತ್ತನೆಯ ತರಗತಿಯವರು ಓದಿರಬಹುದು: ರೋಗಾಣುವೆಂದು ಹೇಳುವ ಜೀವಿಯು ರೋಗಿಗಳಲ್ಲಿ ಸಿಕ್ಕಬೇಕು, ಅದನ್ನು ಬೇರ್ಪಡಿಸಿ ಶುದ್ಧವಾಗಿ ಬೆಳೆಸಬೇಕು, ಬೆಳೆಸಿದುದನ್ನು ಆರೋಗ್ಯವಂತ ಪ್ರಾಣಿಗೆ ಹಾಕಿದರೆ ಅದೇ ರೋಗ ಬರಬೇಕು, ಆ ಪ್ರಾಣಿಯಿಂದ ಅದೇ ಜೀವಿ ಮತ್ತೆ ದೊರೆಯಬೇಕು. ಮೂರನೆಯ ನಿಯಮದ ಬಳಿ ಈ ಮೈಕೋಪ್ಲಾಸ್ಮವು ಎಡವುತ್ತಿತ್ತು. ಅದರಿಂದ ಆಡು ಕಾಯಿಲೆ ಬೀಳುತ್ತಿತ್ತು, ಸಾಯುತ್ತಲೂ ಇತ್ತು. ಆದರೆ ಕೇಡು ಎದೆಯೊಂದರಲ್ಲಿಯೇ ನಿಲ್ಲದೆ ಮೈಯ ಬೇರೆ ಭಾಗಗಳಿಗೂ ಹರಡುತ್ತಿತ್ತು. ಹಚಿಯನ್ ಕಂಡಂತೆ ಒಂದು ಆಡಿನಿಂದ ಪಕ್ಕದ ಆಡಿಗೆ ಬೆಂಕಿಯಂತೆ ದಾಟುವ ಗುಣವೂ ಅದರಲ್ಲಿ ಕಾಣುತ್ತಿರಲಿಲ್ಲ. ಕುರಿಯ ವಿಷಯವೂ ಹೀಗೆಯೇ. ನಿಜವಾದ ಪುಪ್ಪುಸರೋಗದಲ್ಲಿ ಜೊತೆಗೆ ಮೇಯುವ ಕುರಿಗಳು ಸಾಮಾನ್ಯವಾಗಿ ಬಚಾವಾಗುತ್ತವೆ. ಈ ಜೀವಿಯು ಕುರಿಯನ್ನೂ ಕಾಡಬಲ್ಲುದಾಗಿತ್ತು.

1976ರಲ್ಲಿ ಕೀನ್ಯ ದೇಶದಲ್ಲಿ ಮೆಕೋವನ್ ಮತ್ತು ಮಿನೆಟ್ ಎಂಬ ಇಬ್ಬರು ಸಂಶೋಧಕರು ಗಂಟನ್ನು ಬಿಡಿಸಿದರು. ಅವರಿಗೆ ಸಿಕ್ಕಿದ ಇನ್ನೊಂದು ಮೈಕೋಪ್ಲಾಸ್ಮವು ಬಹಳ ನಾಜೂಕಿನದು. ಪ್ರಾಣಿಯ ರಕ್ತದ ಸೀರಮ್ ಮೊದಲಾದವನ್ನು ಬೆರೆಸಿದ ವಿಶೇಷ ಸಾರಿನಲ್ಲಿ ಮಾತ್ರ, ಅದೂ ನಿಧಾನವಾಗಿ ಬೆಳೆಯುವಂತಹದು. ಅದಕ್ಕೆ ಎಫ್-38 ಎಂದು ಗುರುತುಹಾಕಿದರು. ಅದರಿಂದ ರೋಗ ಬಂದ ಆಡುಗಳ ಜೊತೆಯಲ್ಲಿ ಆರೋಗ್ಯವಂತ ಆಡುಗಳನ್ನು ಬಿಟ್ಟಾಗ, ಅವುಗಳಿಗೆ ಯಾವ ಸೂಜಿಯನ್ನೂ ಚುಚ್ಚದೆಯೇ, ಹಳೆಯ ಪುಸ್ತಕಗಳಲ್ಲಿ ವರ್ಣಿಸಿದ ಪುಪ್ಪುಸರೋಗವೇ ತಗಲಿತು. ತೋಮಾನ ವರ್ಣನೆಯಿಂದ ಇಲ್ಲಿಗೆ 103 ವರ್ಷ. 1993ರಲ್ಲಿ ಇದಕ್ಕೆ ಮೈಕೋಪ್ಲಾಸ್ಮ ಕ್ಯಾಪ್ರಿಕೋಲಂ ಜಾತಿಯ ಕ್ಯಾಪ್ರಿನ್ಯುಮೋನಿಯೆ ಎಂಬ ಉಪಜಾತಿಯಾಗಿ ಶಾಸ್ತ್ರೀಯ ನಾಮಕರಣವಾಯಿತು. ಹೆಸರನ್ನು ಬಾಯಿಪಾಠ ಮಾಡಬೇಕಾಗಿಲ್ಲ. ನಾವು ಈ ಕಥೆಯನ್ನು ಇಷ್ಟು ಬೆಳೆಸಿದ ಉದ್ದೇಶವೇ ಬೇರೆ. ಬಟ್ಟಲಿನಲ್ಲಿ ಸುಲಭವಾಗಿ ಬೆಳೆದುದನ್ನೇ ಕಾರಣವೆಂದು ನಂಬಿದಷ್ಟು ದಿನವೂ, ಆ ಜೀವಿಯ ವಿರುದ್ಧ ಮಾಡಿದ ಲಸಿಕೆಯು ಈ ರೋಗವನ್ನು ತಡೆಯುವುದು ಹೇಗೆ? ಪ್ರಯೋಗಶಾಲೆಯಲ್ಲಿ ಆದ ಗುರುತಿನ ತಪ್ಪಿಗೆ ದಂಡ ತೆತ್ತವರು ಗುಡ್ಡಗಾಡಿನಲ್ಲಿ ಆಡು ಕಾಯುವವರು.

ಎಫ್-38 ಸಿಕ್ಕಿದ ಮೇಲೆ ಕೀನ್ಯದಲ್ಲಿಯೇ ಸರಿಯಾದ ಲಸಿಕೆ ತಯಾರಾಯಿತು. ಈ ಜೀವಿಯನ್ನು ಬೆಳೆಸಿ, ಕೊಂದು, ಸಪೋನಿನ್ ಎಂಬ ಪದಾರ್ಥದೊಡನೆ ಬೆರೆಸಿ ಕೊಡುತ್ತಾರೆ. ಒಮ್ಮೆ ಕೊಟ್ಟರೆ ಸುಮಾರು ಒಂದು ವರ್ಷ ರಕ್ಷಣೆಯುಂಟು. ನಮ್ಮ ಮನೆಗಳ ಅಂಟುವಾಳಕಾಯಿಯನ್ನು ನೀರಿನಲ್ಲಿ ಉಜ್ಜಿದಾಗ ಬರುವ ನೊರೆಗೂ ಸಪೋನಿನ್ ವರ್ಗದ ಪದಾರ್ಥಗಳೇ ಕಾರಣ. ಲಸಿಕೆಯಲ್ಲಿ ಅದು ದೇಹದ ರಕ್ಷಣಾಶಕ್ತಿಯನ್ನು ಕೆಣಕಿ ಎಚ್ಚರಿಸುವ ಕೆಲಸ ಮಾಡುತ್ತದೆ. ತೊಡಕೆಂದರೆ ಅಷ್ಟು ನಾಜೂಕಿನ ಜೀವಿಯನ್ನು ರಾಶಿರಾಶಿಯಾಗಿ ಬೆಳೆಸುವುದು ವೆಚ್ಚದ ಕೆಲಸ.

ರೋಗ ಬಂದ ಮೇಲೆ ಔಷಧವೇನು? ಪೆನಿಸಿಲಿನ್ ಎಂದು ಉತ್ತರ ಕೊಡುವವರು ಬಹಳ ಮಂದಿ ಇರುತ್ತಾರೆ. ಅದು ಇಲ್ಲಿ ಕೆಲಸಕ್ಕೆ ಬಾರದು. ಬಹುಪಾಲು ಬ್ಯಾಕ್ಟೀರಿಯಗಳ ಮೈಸುತ್ತ ಒಂದು ಗಟ್ಟಿಯಾದ ಗೋಡೆಯಿರುತ್ತದೆ. ಬೆಳೆಯುವಾಗ ಅವು ಗೋಡೆಯನ್ನು ಕಟ್ಟುತ್ತಾ ಹೋಗಬೇಕು. ಪೆನಿಸಿಲಿನ್ ಈ ಕಟ್ಟುವ ಕೆಲಸವನ್ನು ಕೆಡಿಸುತ್ತದೆ. ಗೋಡೆ ಸಡಿಲವಾಗಿ ಜೀವಿ ಒಡೆದುಹೋಗುತ್ತದೆ. ಮೈಕೋಪ್ಲಾಸ್ಮಕ್ಕೆ ಗೋಡೆಯೇ ಇಲ್ಲ, ಒಂದು ತೆಳುಪೊರೆ ಮಾತ್ರ. ಇಲ್ಲದ ಗೋಡೆಯನ್ನು ಕೆಡವುವುದೆಂತು? ಆದ್ದರಿಂದ ಜೀವಿಯ ಒಳಗೆ ಪ್ರೋಟೀನು ತಯಾರಾಗುವುದನ್ನು ತಡೆಯುವ ಟೆಟ್ರಾಸೈಕ್ಲಿನ್, ಟೈಲೋಸಿನ್ ಮೊದಲಾದುವನ್ನು ಪಶುವೈದ್ಯರು ಕೊಡುತ್ತಾರೆ. ಜ್ವರ ಕಂಡೊಡನೆ ಕೊಟ್ಟರೆ ಫಲವುಂಟು. ಮುಂಗಾಲು ಅಗಲಿಸಿ ನಿಂತ ಮೇಲೆ ಕೊಟ್ಟರೆ ಆಸೆ ಕಡಿಮೆ. ಗೋಡೆಯಿಲ್ಲದಿರುವುದು ಒಂದು ಕಡೆ ಈ ಜೀವಿಗೆ ಲಾಭವಾದರೆ ಇನ್ನೊಂದು ಕಡೆ ನಷ್ಟ. ಆಡಿನ ಮೈಯಿಂದ ಹೊರಗೆ ಬಿಸಿಲು ಗಾಳಿಗಳಲ್ಲಿ ಅದು ಬಹಳ ಹೊತ್ತು ಬದುಕಲಾರದು. ಕೆಮ್ಮಿನ ತುಂತುರು ಹನಿಗಳಲ್ಲಿ ಕುಳಿತು, ಹತ್ತಿರದಲ್ಲಿರುವ ಇನ್ನೊಂದು ಆಡಿನ ಮೂಗನ್ನು ಬೇಗನೆ ಸೇರಲೇಬೇಕು. ಮನುಷ್ಯರಿಗೆ ಈ ರೋಗ ಅಂಟುವುದಿಲ್ಲ.

ಹಾಗಿದ್ದರೆ ರೋಗಿಯನ್ನು ದೂರವಿಟ್ಟರೆ ತೀರಿತಲ್ಲ ಎನ್ನಬಹುದು. ಇಲ್ಲಿಯೇ ಕಷ್ಟವಿರುವುದು. ಸೋಂಕು ತಗಲಿದ ಮೇಲೆ ಸಾಮಾನ್ಯವಾಗಿ 6ರಿಂದ 10 ದಿನಗಳವರೆಗೆ, ಕೆಲವು ಸಲ ಮೂರು ನಾಲ್ಕು ವಾರಗಳವರೆಗೂ ಹೊರಗೆ ಏನೂ ಕಾಣುವುದಿಲ್ಲ. ಇಂದು ಸಂತೆಯಲ್ಲಿ ಕೊಂಡ ಗಟ್ಟಿಮುಟ್ಟಾದ ಆಡು ಬರುವ ಅಮಾವಾಸ್ಯೆಯ ಹೊತ್ತಿಗೆ ಕೆಮ್ಮತೊಡಗಬಹುದು. ಹೊಸ ಆಡನ್ನು ತಿಂಗಳಮಟ್ಟಿಗೆ ಬೇರೆಯೇ ಕಟ್ಟಬೇಕೆಂದು ಹೇಳುವುದು ಇದಕ್ಕಾಗಿ. ಇನ್ನೊಂದು ಕಷ್ಟ ಮನುಷ್ಯಸ್ವಭಾವದ್ದು. ಹಿಂಡಿನಲ್ಲಿ ಎರಡು ಆಡು ಕೆಮ್ಮಿದೊಡನೆ, ಉಳಿದವುಗಳಿಗಾದರೂ ಬೆಲೆ ಬರಲೆಂದು ಬಡವನು ಅವನ್ನು ಸಂತೆಗೆ ಅಟ್ಟುತ್ತಾನೆ. ರೋಗವು ಅವನಿಗಿಂತ ಮುಂದಾಗಿ ಹತ್ತು ಊರು ಸೇರುತ್ತದೆ. ಅವನನ್ನು ದೂರುವುದು ಸುಲಭ. ಆದರೆ ಇರುವ ಬ್ಯಾಂಕೊಂದು ಮುಳುಗುತ್ತಿರುವಾಗ ಹಣವನ್ನು ಹಿಂದಕ್ಕೆ ಪಡೆಯಲು ಓಡದವರಾರು? ರೋಗವನ್ನು ಮುಚ್ಚಿಡದೆ ತಿಳಿಸಿದವನಿಗೆ ಸತ್ತ, ಕೊಂದ ಆಡುಗಳ ಬೆಲೆಯನ್ನು ಕಟ್ಟಿಕೊಡುವ ಏರ್ಪಾಡಿಲ್ಲದೆ, ಬರಿಯ ಕಾನೂನಿನಿಂದ ಈ ಸಂತೆಯ ಪ್ರಯಾಣ ನಿಲ್ಲಲಾರದೆಂಬುದು ನಮ್ಮ ಅಭಿಪ್ರಾಯ. ದೇಶದೇಶಗಳ ನಡುವಣ ಎಚ್ಚರಕ್ಕೆ 1924ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪಿತವಾದ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯಿದೆ. ಕಂಡೊಡನೆ ತಿಳಿಸಬೇಕಾದ ರೋಗಗಳ ಅದರ ಪಟ್ಟಿಯಲ್ಲಿ ಇದೂ ಸೇರಿದೆ.

ಭಾರತದಲ್ಲಿ ಆಡುಗಳು ಕೆಮ್ಮಿ ಸತ್ತಾಗಲೆಲ್ಲ ಇದೇ ರೋಗವೆಂದು ತಿಳಿಯಬಾರದು. 1987ರಲ್ಲಿ ತಮಿಳುನಾಡಿನಲ್ಲಿ ಮೊದಲು ಗುರುತಿಸಲಾದ ಪಿ.ಪಿ.ಆರ್. ಎಂಬ ವೈರಸ್ ರೋಗದಲ್ಲಿಯೂ ಆಡುಗಳು ಉಸಿರಿಗೆ ಕಷ್ಟಪಡುತ್ತವೆ. ಆದರೆ ಅದರಲ್ಲಿ ಬಾಯಿಹುಣ್ಣು, ಭೇದಿಗಳೂ ಇರುತ್ತವೆ, ಕುರಿಗಳಿಗೂ ಅದು ಬರುತ್ತದೆ. ಹಸುಗಳ ಪುಪ್ಪುಸರೋಗದಿಂದ ನಮ್ಮ ದೇಶ ಮುಕ್ತವಾಗಿದೆಯೆಂದು 2007ರಲ್ಲಿ ಆ ವಿಶ್ವಸಂಸ್ಥೆಯು ಮನ್ನಣೆ ಕೊಟ್ಟಿತು. ಜಾನುವಾರುಗಳ ಸೋಂಕುರೋಗಗಳನ್ನು ಅಭ್ಯಾಸ ಮಾಡಲು ನಮ್ಮ ದೇಶದಲ್ಲಿ ಏರ್ಪಟ್ಟ ಸರಕಾರಿ ಪ್ರಯೋಗಶಾಲೆ 1889ರಲ್ಲಿ ಹುಟ್ಟಿದುದು ನಾವಿರುವ ಈ ಪುಣೆಯಲ್ಲಿಯೇ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅಪಾಯಕಾರಿ ರೋಗಾಣುಗಳನ್ನು ಜನವಸತಿಯಿಂದ ದೂರವಿಡಲೆಂದು 1893ರಲ್ಲಿ ಅದನ್ನು ಹಿಮಾಲಯದ ಮುಕ್ತೇಶ್ವರಕ್ಕೆ ಸಾಗಿಸಿದರು. ಇಂದಿನ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ ಅದೇ. ಅದರ ಒಂದು ಶಾಖೆ ಬೆಂಗಳೂರಿನ ಹೆಬ್ಬಾಳದಲ್ಲಿದೆ.

ಸಾಕಿದ ಆಡಿನಲ್ಲಿಯೇ ಈ ರೋಗ ನಿಲ್ಲುವುದೆಂದು ಬಹುಕಾಲ ತಿಳಿದಿದ್ದರು. ಕತಾರ್ ದೇಶದ ಒಂದು ವನ್ಯಪ್ರಾಣಿ ಸಂರಕ್ಷಣಾಲಯದಲ್ಲಿ ಕಾಡಾಡು, ನ್ಯೂಬಿಯದ ಐಬೆಕ್ಸ್ ಮೊದಲಾದುವಕ್ಕೆ ಇದು ತಗಲಿದ ವರದಿ 2007ರಲ್ಲಿ ಪ್ರಕಟವಾಯಿತು. ಐದು ವರ್ಷಗಳ ಮೇಲೆ ಇನ್ನೂ ದೊಡ್ಡ ಪೆಟ್ಟು ಬಿದ್ದುದು ಟಿಬೆಟ್ಟಿನ ಎತ್ತರದ ಬಯಲಿನಲ್ಲಿ. ಅಲ್ಲಿಯ ಚಿರು ಎಂಬ ಜಿಂಕೆಯಂತಹ ಪ್ರಾಣಿಯನ್ನು ಅದರ ಶಹತೂಶ್ ಎಂಬ ನವಿರಾದ ಉಣ್ಣೆಗಾಗಿ ಬೇಟೆಯಾಡಿ ಅಳಿವಿನ ಅಂಚಿಗೆ ತಂದಿದ್ದರು. ಕಾವಲಿನಿಂದ ಅದರ ಸಂಖ್ಯೆ ಮತ್ತೆ ಏರುತ್ತಿತ್ತು. 2012ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಸುಮಾರು 2400 ಚಿರುಗಳು ಸತ್ತು ಬಿದ್ದವು. ಶ್ವಾಸಕೋಶದಲ್ಲಿ ಸಿಕ್ಕಿದ್ದು ಎಫ್-38ರ ಕುಲದ ಜೀವಿಯೇ. ಆ ಬಯಲಿನಲ್ಲಿ ಚಿರುಗಳೂ ಸಾಕಿದ ಆಡುಗಳೂ ಒಂದೇ ಹುಲ್ಲನ್ನು ಮೇಯುತ್ತವೆ. ಅಲ್ಲಿ ಲಸಿಕೆಯ ಸೂಜಿ ಹಿಡಿದು ಹೋಗುವವನು ಆಡನ್ನು ಹಿಡಿದುಕೊಳ್ಳಬಲ್ಲ, ಚಿರುವನ್ನು ಹಿಡಿಯಲಾರ. ನಮ್ಮ ಲಡಾಖಿನಲ್ಲಿಯೂ ಈ ಪ್ರಾಣಿಯ ಕೆಲವು ಸಣ್ಣ ಗುಂಪುಗಳು ಬೇಸಿಗೆಯಲ್ಲಿ ಬಂದು ಮೇಯುವುದುಂಟು.